ತಿಪ್ಪೆಯಿಂದೇಳುವ ಅನಿಲ



ಭೂಮಿಯನ್ನು ಬಿಸಿಯಾಗಿಸುವುದು ಕಾರ್ಖಾನೆಯ ಹೊಗೆ ಮಾತ್ರವಲ್ಲ. ಕಣ್ಣಿಗೆ ಕಾಣದ ಮೀಥೇನ್ ಅನಿಲವು ಇಪ್ಪತ್ತು ವರ್ಷಗಳ ಅವಧಿಯಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಅಧಿಕ ಶಾಖವನ್ನು ಹಿಡಿದಿಡುತ್ತದೆ. ಆದರೆ ಅದರ ಆಯುಷ್ಯ ಸುಮಾರು 12 ವರ್ಷ ಮಾತ್ರ. ಆದ್ದರಿಂದ ಇಂದು ಅದನ್ನು ತಗ್ಗಿಸಿದರೆ ಫಲವನ್ನು ನಮ್ಮ ಮಕ್ಕಳೇ ಕಾಣುವರು.

ಮೆಲುಕು ಹಾಕುವ ದನಕುರಿಗಳು, ನೀರು ನಿಂತ ಭತ್ತದ ಗದ್ದೆಗಳು, ಗಾಳಿಯಾಡದೆ ಕೊಳೆಯುವ ಕಸದ ರಾಶಿಗಳು, ಕಲ್ಲಿದ್ದಲು ಗಣಿಗಳು, ತೈಲ ಬಾವಿಗಳು ಇದರ ಮೂಲಗಳು. ಚನ್ನರಾಯನದುರ್ಗದ ಬೆಟ್ಟದಡಿಯ ಊರುಗಳಲ್ಲೂ ದನವಿದೆ, ತಿಪ್ಪೆಯಿದೆ.

ಪರಿಹಾರವನ್ನು ದೂರದಲ್ಲಿ ಹುಡುಕಬೇಕಿಲ್ಲ. ನಮ್ಮ ಜಿಲ್ಲೆಯದೇ ಆದ ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗವು ಸಾಮೂಹಿಕ ಗೋಬರ್ ಗ್ಯಾಸ್ ಸ್ಥಾವರವನ್ನು ಸ್ಥಾಪಿಸಿತ್ತು. ಅಡುಗೆಗೆ ಅನಿಲ ನೀಡುವ ಮೊದಲ ಯತ್ನ ಕೈಗೂಡಲಿಲ್ಲ. ಅದಕ್ಕೆ ಸಗಣಿ ಸಾಲದಾಯಿತು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ದೀಪ, ನಲ್ಲಿಗೆ ನೀರು ಒದಗಿಸಲಾಯಿತು. ಸಗಣಿ ತಂದವರಿಗೆ ಗೊಬ್ಬರ ಮರಳಿ ದೊರೆಯಿತು. ಜನರ ಅಗತ್ಯವನ್ನು ಅರಿತ ಯೋಜನೆಗೆ ಜನರೇ ಆಸರೆಯಾದರು.

ಪಟ್ಟಣವಾಸಿಗಳಾದ ನಮ್ಮ ಹೊಣೆಯೂ ಸಣ್ಣದಲ್ಲ. ವಲೀಮಾದಲ್ಲಿ ಎಲೆಯಲ್ಲೇ ಉಳಿಯುವ ಬಿರಿಯಾನಿ, ಬಕ್ರೀದ್‌ನ ತ್ಯಾಜ್ಯ ಎಲ್ಲವೂ ಊರಾಚೆಯ ಬಡವರ ಮನೆಯ ಪಕ್ಕದಲ್ಲಿ ಕೊಳೆಯುತ್ತವೆ. ಹಸಿ ಕಸವನ್ನು ಬೇರ್ಪಡಿಸಿ ಗೊಬ್ಬರವಾಗಿಸೋಣ, ಅನಿಲ ಸ್ಥಾವರಕ್ಕಾಗಿ ಪುರಸಭೆಯನ್ನು ಒತ್ತಾಯಿಸೋಣ. ಎಲ್ಲಕ್ಕಿಂತ ಮೊದಲು, ಉಣ್ಣುವಷ್ಟನ್ನೇ ಬಡಿಸಿಕೊಳ್ಳೋಣ.