ಗಾಲಿಯ ಹಳೇ ಟೋಪಿ



ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆ ನಿಮಗೆ ಗೊತ್ತು. ಸ್ವಾಮಿ ಸಮರ್ಥರ ದರ್ಶನಕ್ಕೆ ಜನ ನಡೆದೂ ಹೋಗ್ತಾರೆ. ಒಂದು ಸಲ ನಾನು ಕೂತಿದ್ದ ಕಾರಿನ ಗಾಲಿಯ ಟೋಪಿ ಹಾರಿತು. ನಡೆಯುತ್ತಿದ್ದ ಒಬ್ಬ ಅಜ್ಜಿಯ ಕಾಲ ಹತ್ತಿರವೇ ಬಿತ್ತು. ಪುಣ್ಯಕ್ಕೆ ಪೆಟ್ಟಾಗಲಿಲ್ಲ.

ಅದು ಅಂಬಾಸಿಡರ್ ಕಾರಿನ ಟೋಪಿ. ಆ ಕಾರಿನ ತಯಾರಿ 2014ರಲ್ಲಿ ನಿಂತಿತು. ಟೋಪಿಯನ್ನು ಈಗ ಗುಜರಿಯಲ್ಲಿ ಹುಡುಕಬೇಕು. ಅದು ಉಕ್ಕಿನ ಗಾಲಿಗೆ ಮಾಡಿದ್ದು. ಹೊರಗೆ ಕೊಂಡ ಅಲಾಯ್ ಗಾಲಿಗೆ ಹಾಗೇ ಕೂರೋದಿಲ್ಲ. ನಾವೋ, ಸುತ್ತಿಗೆಯಿಂದ ಬಡಿದು ಕೂರಿಸಿದ್ದೆವು!

ನೀವು ಹಾಗೆ ಮಾಡಬೇಡ್ರಿ. ಮೊದಲು ಸೋಪಿನ ನೀರಲ್ಲಿ ತೊಳೆಯಿರಿ. ತುಕ್ಕನ್ನು ಸಣ್ಣ ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಿರಿ. ಹುಣಸೆಹಣ್ಣು ಹಿತ್ತಾಳೆ ತಂಬಿಗೆಗೆ ಇರಲಿ, ಇದು ಕ್ರೋಮ್. ಗಾಲಿಯ ನಡುವಿನ ತೂತನ್ನು ಮಿಲಿಮೀಟರಿನಲ್ಲಿ ನೀವೇ ಅಳೆದು ಬರೆಯಿರಿ. ಟೋಪಿಯ ಹಿಂದಿನ ಅಂಕಿ ನಂಬಬೇಡಿ. ತಲೆಕೆಳಗೆ ಹಿಡಿದರೆ 68 ಅನ್ನೋದು 89 ಆಗ್ತದೆ! ಆ ಅಳತೆಗೆ ಲೇಥ್ ಅಂಗಡಿಯಲ್ಲಿ ಕ್ಲಿಪ್ಪಿನ ಬಳೆ ಮಾಡಿಸಿರಿ.

ಟೋಪಿ ಗಾಲಿಯನ್ನು ಹಿಡಿಯೋದಿಲ್ಲ, ನಟ್ಟು ಹಿಡೀತದೆ. ನಟ್ಟು ಬಿಗಿಯಾದ ಮೇಲೇ ಟೋಪಿ ಕೂರಿಸಿರಿ. ಕೈಯಿಂದ ಎಳೆದು ನೋಡಿರಿ. ಅಲುಗಾಡಿದರೆ ತೆಗೆದು ಮನೇಲಿಡಿರಿ. ಟೋಪಿ ಇಲ್ಲದೆಯೂ ಕಾರು ಅಕ್ಕಲಕೋಟೆ ಮುಟ್ಟತದೆ.