ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರಲ್ಲ

ಫರೀದಾಬಾದ್‌ನ ಒಂದು ಪೊಲೀಸ್ ಚೌಕಿ ಅಂದ್ಕೊಳ್ಳಿ. ರಾಯಚೂರಿನಿಂದ ಕೆಲಸಕ್ಕೆ ಬಂದ ಹುಡುಗ, ಹಿಂದಿ ಅಷ್ಟಕ್ಕಷ್ಟೆ. ಎದುರಿಗೆ ಈಗಷ್ಟೇ ತರಬೇತಿ ಮುಗಿಸಿದ ಕಾನ್‌ಸ್ಟೆಬಲ್. ಹುಡುಗ ತಡವರಿಸ್ತಾನೆ, ಬೆವರ್ತಾನೆ, ಕಣ್ಣು ತಪ್ಪಿಸ್ತಾನೆ. ಕಳ್ಳನೋ, ಹೆದರಿದವನೋ?

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಗಾದೆ ನಮ್ಮದು. ಆದರೆ 2006ರಲ್ಲಿ ಬಾಂಡ್ ಮತ್ತು ಡಿಪಾಲೊ ಎಂಬ ಸಂಶೋಧಕರು ಹಿಂದಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಜನ ಸುಳ್ಳು-ನಿಜವನ್ನು ಸರಿಯಾಗಿ ಗುರುತಿಸಿದ್ದು ಸರಾಸರಿ ಶೇ 54ರಷ್ಟು ಸಲ. ನಾಣ್ಯ ಚಿಮ್ಮಿದರೂ ಶೇ 50 ಸಿಗುತ್ತೆ! ಪೊಲೀಸರಂಥ ಪಳಗಿದವರೂ ಇದರಲ್ಲಿ ಮುಂದಿರಲಿಲ್ಲ.

ಈ ಕೆಲಸ ಕ್ಯಾಮೆರಾಗೆ ಕೊಟ್ಟರೆ? ಮಹಿಳೆಯರ ಮುಖದಲ್ಲಿ ಆತಂಕ ಕಂಡರೆ ಎಚ್ಚರಿಸುವ ಎಐ ಕ್ಯಾಮೆರಾ ಹಾಕ್ತೀವಿ ಅಂತ 2021ರಲ್ಲಿ ಲಖನೌ ಪೊಲೀಸರು ಹೇಳಿದ್ರು. ನಾನು ಸಾಫ್ಟ್‌ವೇರ್ ಬರೆಯೋನು. ಕ್ಯಾಮೆರಾ ಅಳೆಯೋದು ಹುಬ್ಬು, ತುಟಿಗಳ ಚಲನೆ. ಅದರ ಕಾರಣ ಕ್ಯಾಮೆರಾಗೆ ಕಾಣಲ್ಲ. ಭಾವನೆ ಗುರುತಿಸುವ ಸೌಲಭ್ಯವನ್ನು ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2022ರಲ್ಲಿ ಹೇಳಿತು.

ಹಾಗಾದರೆ ತರಬೇತಿಯಲ್ಲಿ ಏನು ಕಲಿಸಬೇಕು? ಮೊದಲು, ತನ್ನ ಮನಸ್ಸನ್ನೇ ನೋಡಿಕೊಳ್ಳೋದು. ರಾತ್ರಿ ಡ್ಯೂಟಿಯ ನನ್ನ ಸಿಟ್ಟೇ ಎದುರಿನವನ ಮುಖದಲ್ಲಿ ಅಹಂಕಾರವಾಗಿ ಕಾಣ್ತಿದೆಯಾ? ಆಮೇಲೆ, ಮುಖದಲ್ಲಿ ಕಂಡದ್ದನ್ನು ಪ್ರಶ್ನೆಯಾಗಿಸೋದು. ಆ ಹುಡುಗನಿಗೆ ಒಂದು ಲೋಟ ನೀರು ಕೊಡಿ, ಕನ್ನಡ ಬಲ್ಲವರಿಗೆ ಫೋನ್ ಹಚ್ಚಿ, ನಿಧಾನವಾಗಿ ಕೇಳಿ. ಮುಖದಿಂದ ಸಿಗೋದು ಸುಳಿವು ಮಾತ್ರ. ಅದನ್ನೇ ಸಾಕ್ಷಿ ಅಂದ್ಕೊಂಡರೆ ಒಬ್ಬ ಅಮಾಯಕ ಆ ರಾತ್ರಿ ಲಾಕಪ್ಪಿನಲ್ಲಿ ಕಳೀತಾನೆ.