ಬ್ರೇಕನ್ನು ಕತ್ತರಿಸಬೇಡಿ



ಹಳೆಯ ಟಿವಿ ಪ್ರಸಾರಗಳನ್ನು ಹುಡುಕಿ ಉಳಿಸುವ ಬಗ್ಗೆ ಚರ್ಚಿಸಲು ಇಲ್ಲಿ ಸೇರಿದ್ದೇವೆ. ನನ್ನ ಆಶಯ ಒಂದೇ: ಕಾರ್ಯಕ್ರಮವನ್ನು ಉಳಿಸುವಾಗ ನಡುವೆ ಬಂದ ಜಾಹೀರಾತನ್ನೂ ಉಳಿಸೋಣ.

ಹಳೆಯ ಪ್ರಸಾರಗಳು ಅಳಿದದ್ದು ಬೆಂಕಿ, ನೆರೆಗಳಿಗಿಂತ ಹೆಚ್ಚಾಗಿ ಉಳಿತಾಯದಿಂದ. ಟೇಪು ದುಬಾರಿ, ಅದರ ಮೇಲೆ ಮತ್ತೆ ಮತ್ತೆ ಮುದ್ರಿಸಬಹುದಿತ್ತು. 1960ರ ದಶಕದ 'ಡಾಕ್ಟರ್ ಹೂ' ಧಾರಾವಾಹಿಯ ಎಷ್ಟೋ ಕಂತುಗಳನ್ನು ಬಿಬಿಸಿ ಉಳಿಸಿಕೊಳ್ಳಲಿಲ್ಲ. ಹಾಗೆ ಕಳೆದುಹೋಗಿದ್ದ ಒಂಬತ್ತು ಕಂತುಗಳು ನೈಜೀರಿಯಾದಲ್ಲಿ ಸಿಕ್ಕ ಸುದ್ದಿ 2013ರಲ್ಲಿ ಹೊರಬಿತ್ತು. ಇಂದಿಗೂ ಚಿತ್ರ ಸಿಗದ ಕಂತುಗಳ ಧ್ವನಿಯಾದರೂ ಉಳಿದಿದೆ. ಅದನ್ನು ಉಳಿಸಿದವರು ಮನೆಯಲ್ಲಿ ಟೇಪ್ ರೆಕಾರ್ಡರ್ ಹಚ್ಚಿ ಕೂತ ವೀಕ್ಷಕರು.

ಫಿಲಡೆಲ್ಫಿಯಾದ ಮರಿಯನ್ ಸ್ಟೋಕ್ಸ್ ಅವರದು ಇನ್ನೂ ದೊಡ್ಡ ಹಟ. 2012ರಲ್ಲಿ ತೀರಿಕೊಳ್ಳುವವರೆಗೆ ಮೂರು ದಶಕಕ್ಕೂ ಹೆಚ್ಚು ಕಾಲ ಅವರು ಹಗಲಿರುಳು ಟಿವಿ ಸುದ್ದಿಯನ್ನು ಮುದ್ರಿಸಿದರು. ಬಿಟ್ಟುಹೋದದ್ದು ಸುಮಾರು 70,000 ಕ್ಯಾಸೆಟ್. ಯಂತ್ರ ನಿಲ್ಲದೆ ಓಡಿದ್ದರಿಂದ ಸುದ್ದಿಯ ಜೊತೆ ಜಾಹೀರಾತೂ ಉಳಿಯಿತು.

ನಮ್ಮ ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರ ಜನವರಿ 1ರಂದು. ಶಂಕರನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿ ಈಗಲೂ ನೋಡಲು ಸಿಗುತ್ತದೆ. ಆದರೆ ಅದು ಮೊದಲು ಬಂದ ದಿನ ಹಿಂದೆ ಮುಂದೆ ಏನೇನು ಬಂತು? ಆ ಕಾಲದ ಒಂದು ಜಾಹೀರಾತಿನಲ್ಲಿ, ನಿರ್ಮಾ ಸೋಪಿನ ಪುಡಿಯ ಅಗ್ಗದ ಬೆಲೆಗೆ ಸರ್ಫ್ ಕಂಪನಿ ಲಲಿತಾಜಿ ಎಂಬ ಗೃಹಿಣಿಯ ಬಾಯಲ್ಲಿ ಉತ್ತರ ಕೊಡಿಸಿತ್ತು. ಮಧ್ಯಮ ವರ್ಗದ ಗೃಹಿಣಿ ಹೇಗೆ ಲೆಕ್ಕ ಹಾಕುತ್ತಾಳೆಂದು ಕಂಪನಿಗಳು ಊಹಿಸಿದ್ದವು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಬೇಕೆ? ಧಾರಾವಾಹಿ ಕಥೆಗಾರನ ಊರನ್ನು ತೋರಿಸಿತು. ಜಾಹೀರಾತು ನೋಡುಗರ ಆಸೆಯನ್ನು, ಕೊಸರಾಟವನ್ನು, ಮನೆಯಲ್ಲಿ ಯಾರು ಒಗೆದರು, ಯಾರು ಪೇಪರ್ ಓದುತ್ತ ಕೂತರು ಎಂಬುದನ್ನು ತೋರಿಸಿತು.

ಈ ದಾಖಲೆ ನಿಲ್ದಾಣಗಳ ಉಗ್ರಾಣದಲ್ಲಷ್ಟೇ ಇರಬೇಕಿಲ್ಲ. ಮನೆಯ ಅಟ್ಟದಲ್ಲಿ 'ಅಕ್ಕನ ಮದುವೆ' ಎಂದು ಚೀಟಿ ಅಂಟಿಸಿಟ್ಟ ಕ್ಯಾಸೆಟ್ಟಿನ ಕೊನೆಯಲ್ಲಿ ಜಾಗ ಉಳಿಯಿತೆಂದು ಯಾರೋ ಭಾನುವಾರದ ಸಿನಿಮಾ ತುಂಬಿರಬಹುದು. ಜಾಹೀರಾತಿನ ಬ್ರೇಕ್ ಬಂದಾಗ ನಿಲ್ಲಿಸುವ ಗುಂಡಿ ಒತ್ತಲು ಅವರು ಮರೆತಿದ್ದರೆ ಅದು ನಮ್ಮ ಪುಣ್ಯ.

ಆದರೆ ಸಮಯ ಕಡಿಮೆ. ಜಪಾನಿನ ಫುನೈ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಈಗಿರುವ ಯಂತ್ರಗಳು ಸವೆಯುತ್ತಿವೆ. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ. ಹಾಗೇ ಯಂತ್ರಕ್ಕೆ ಹಾಕಿದರೆ ಟೇಪೂ ಹಾಳು, ಯಂತ್ರವೂ ಹಾಳು. ಕಾನೂನಿನ ತೊಡಕೂ ಇದೆ: ಪ್ರಸಾರ ಸಂಸ್ಥೆಯ ಹಕ್ಕು 25 ವರ್ಷಕ್ಕೆ ಮುಗಿದರೂ ಚಲನಚಿತ್ರವೆಂದು ಪರಿಗಣಿಸಲಾಗುವ ಜಾಹೀರಾತಿನ ಹಕ್ಕುಸ್ವಾಮ್ಯ 60 ವರ್ಷ ಇರುತ್ತದೆ. ಕಂಪನಿಯೇ ಮುಚ್ಚಿದ್ದರೆ ಅನುಮತಿ ಕೇಳುವುದು ಯಾರನ್ನು? ಇದಕ್ಕೊಂದು ದಾರಿಯನ್ನು ಈ ಗೋಷ್ಠಿಗಳು ತೋರಿಸಲಿ.

ಜೊತೆಗೆ ಒಂದು ನಿಯಮವನ್ನೂ ಒಪ್ಪಿಕೊಳ್ಳೋಣ: ಡಿಜಿಟಲ್ ಪ್ರತಿ ಮಾಡುವಾಗ ಟೇಪನ್ನು ಮೊದಲಿಂದ ಕೊನೆಯವರೆಗೆ ಇಡಿಯಾಗಿ ತೆಗೆಯಬೇಕು. ಏನು ಮುಖ್ಯ, ಏನು ಕಸ ಎಂದು ಇವತ್ತೇ ತೀರ್ಮಾನಿಸುವ ಅವಸರ ಬೇಡ. ಟೇಪು ಅಳಿಸಿದವರೂ ಅದೇ ಅವಸರ ಮಾಡಿದ್ದರು.

ಊರಿಗೆ ಮರಳಿದ ಮೇಲೆ ಅಟ್ಟದ ಆ ಕ್ಯಾಸೆಟ್ಟನ್ನು ಕೆಳಗಿಳಿಸಿ. ತಿಳಿದವರಿಂದ ಬೂಷ್ಟು ತೆಗೆಸಿ. ಮದುವೆ ಮುಗಿದ ಮೇಲೂ ಅದನ್ನು ಓಡಲು ಬಿಡಿ.